ಮಳೆಗಾಲದ ಆಗಮನ ಮತ್ತು ಅತಿಸಂಗ್ರಹ

ಮಂಗಳೂರಿಗೆ ಮಳೆಗಾಲವು ಆಕಾಶದಿಂದ ಇಳಿಯುವ ಮೊದಲೇ ಅಂಗಡಿಗಳಿಗೆ ಬಂದಿರುತ್ತದೆ. ಮೇ ತಿಂಗಳ ನಡುವೆ ಹಳೆಯ ಬಂದರಿನಿಂದ ಲಕ್ಷದ್ವೀಪಕ್ಕೆ ಹೋಗುವ ಮಂಜಿಗಳು ಯಾನ ನಿಲ್ಲಿಸುತ್ತವೆ. ಪತ್ತನಾಜೆಗೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ. ಜೂನ್ 1ರಿಂದ ಯಾಂತ್ರಿಕ ಮೀನುಗಾರಿಕೆಗೆ 61 ದಿನಗಳ ನಿಷೇಧ. ಮನೆಮನೆಗಳಲ್ಲಿ ಕುಚ್ಚಲಕ್ಕಿ, ಹಲಸಿನ ಹಪ್ಪಳ, ಉಪ್ಪಿನಕಾಯಿಗಳ ಶೇಖರಣೆ ನಡೆದಿರುತ್ತದೆ. ಇಂತಹ ಸಂಗ್ರಹವನ್ನು ದೋಷವೆನ್ನಲು ಯಾರಿಗೂ ಮನಸ್ಸಾಗದು.

ಆಷಾಢ ಶುಕ್ಲ ಚತುರ್ದಶಿಯಂದು ಮುನಿಗಳು ವರ್ಷಾಯೋಗ ಕೈಗೊಳ್ಳುತ್ತಾರೆ. ತೊಯ್ದ ನೆಲದಲ್ಲಿ ಮೊಳಕೆಯೊಡೆದ, ಹರಿದಾಡುವ ಅಸಂಖ್ಯ ಜೀವಗಳಿಗೆ ತಮ್ಮ ಪಾದದಿಂದ ಬಾಧೆಯಾಗದಿರಲೆಂದು ವಿಹಾರವನ್ನೇ ತ್ಯಜಿಸುತ್ತಾರೆ. ಶ್ರಾವಕರಾದ ನಾವು ಸೊಪ್ಪು ಬಿಡುತ್ತೇವೆ, ನೀರನ್ನು ಇನ್ನಷ್ಟು ಜಾಗರೂಕತೆಯಿಂದ ಸೋಸುತ್ತೇವೆ. ಅಂಗಡಿಯ ಗಲ್ಲಾಪೆಟ್ಟಿಗೆಯ ಎದುರು ಕುಳಿತಾಗ ಯಾವ ಸಂಯಮ ಎಂಬುದನ್ನು ಮಾತ್ರ ಯಾರೂ ಕೇಳುವುದಿಲ್ಲ.

2025ರಲ್ಲಿ ಮುಂಗಾರು ಮೇ 24ರಂದೇ ಕೇರಳವನ್ನು ಪ್ರವೇಶಿಸಿತು. 2009ರ ನಂತರ ಇಷ್ಟು ಬೇಗ ಬಂದದ್ದು ಅದೇ ಮೊದಲು. ಅದರ ಬೆನ್ನಿಗೇ ನಮ್ಮ ಕರಾವಳಿಯಲ್ಲಿಯೂ ಮಳೆ ಹಿಡಿಯಿತು. ಊರು ಸಿದ್ಧವಾಗಿರಲಿಲ್ಲ, ನಾನು ಸಿದ್ಧನಾಗಿದ್ದೆ. ಏಪ್ರಿಲ್‌ನಲ್ಲಿಯೇ ಕೊಂಡಿಟ್ಟ ಟರ್ಪಾಲುಗಳು ಗೋದಾಮಿನಲ್ಲಿದ್ದವು. ಬೆಲೆ ಏರಿಸಿದೆ. ಸಂಜೆ ಗೊಬ್ಬರದ ಚೀಲವನ್ನು ತಲೆಗೆ ಮುಸುಕಿಕೊಂಡು ಬಂದ ಉತ್ತರ ಕರ್ನಾಟಕದ ಕೂಲಿಕಾರನೊಬ್ಬನು, "ಸಾವ್ಕಾರ್ರ, ಮೊನ್ನೆ ನಮ್ಮ ಮಂದಿ ಒಯ್ದಾಗ ಈ ರೇಟ್ ಇರ್ಲಿಲ್ಲಲ್ರೀ" ಎಂದನು. ಪೇಟೆಯ ದರವೇ ಹಾಗಿದೆ ಎಂದೆ. ಅದು ಸುಳ್ಳೂ ಆಗಿರಲಿಲ್ಲ. ಆತನು ಬರಿಗೈಯಲ್ಲಿ ಮಳೆಗೆ ಇಳಿದು ಹೋದನು.

ಆ ರಾತ್ರಿ ನನ್ನ ಪರವಾಗಿ ನಾನೇ ವಾದಿಸಿದೆ. ತೂಕ, ಅಳತೆಗಳಲ್ಲಿ ಮೋಸವಿಲ್ಲ, ರಶೀದಿಯಿದೆ, ತೆರಿಗೆ ಸಂದಿದೆ. ತತ್ತ್ವಾರ್ಥಸೂತ್ರದಲ್ಲಿ ಉಮಾಸ್ವಾಮಿಗಳು ಪರಿಗ್ರಹ ಪರಿಮಾಣದ ಅತಿಚಾರವೆಂದು ಹೇಳುವುದು ತಾನೇ ಹಾಕಿಕೊಂಡ ಮಿತಿಯ ಉಲ್ಲಂಘನೆಯನ್ನು. ನನ್ನ ದಾಸ್ತಾನು ನನ್ನ ಮಿತಿಯೊಳಗೇ ಇತ್ತು. ಇಲ್ಲಿಗೆ ನಿಲ್ಲಿಸಿದ್ದರೆ ನಿದ್ರೆ ಬರುತ್ತಿತ್ತು. ಆದರೆ ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಇದೇ ವ್ರತದ ಐದು ಅತಿಚಾರಗಳನ್ನು ಬೇರೆ ರೀತಿಯಲ್ಲಿ ಎಣಿಸಿದ್ದಾರೆ. ಅವುಗಳಲ್ಲೊಂದು ಅತಿಸಂಗ್ರಹ. ಮುಂದೆ ವಿಶೇಷ ಲಾಭ ಬಂದೀತೆಂಬ ಲೋಭದಿಂದ ಧಾನ್ಯಾದಿಗಳನ್ನು ಮಿತಿಮೀರಿ ಕೂಡಿಡುವುದೇ ಅದು ಎಂದು ಟೀಕಾಕಾರರ ವಿವರಣೆ. ದೃಷ್ಟಿಯು ಪ್ರಮಾಣದಿಂದ ಅಭಿಪ್ರಾಯದ ಕಡೆಗೆ ಸರಿಯುತ್ತದೆ. ಗೃಹಿಣಿಯ ಭರಣಿಯೂ ನನ್ನ ಗೋದಾಮೂ ಒಂದೇ ಮಳೆಗಾಗಿ ತುಂಬಿದ್ದವು. ಆಕೆ ಮಳೆಗೆ ಅಂಜಿ ಕೂಡಿಟ್ಟಳು, ನಾನು ಮಳೆಯನ್ನು ಬಯಸಿ ಕೂಡಿಟ್ಟೆ.

ವಾಣಿಜ್ಯ ಪದವಿಯ ತರಗತಿಯಲ್ಲಿ ಕಲಿತ ನಿಯಮವೊಂದಿದೆ: ವರ್ಷಾಂತ್ಯದ ದಾಸ್ತಾನಿಗೆ ಕೊಂಡ ಬೆಲೆ, ಪೇಟೆಯ ಬೆಲೆಗಳಲ್ಲಿ ಕಡಿಮೆಯಾದುದನ್ನೇ ಹಾಕಬೇಕು, ಬರಲಿರುವ ಲಾಭವನ್ನು ಬರೆಯಕೂಡದು. ನಲವತ್ತು ವರ್ಷ ಪುಸ್ತಕದಲ್ಲಿ ಇದನ್ನು ಪಾಲಿಸಿದ್ದೇನೆ. ಮನಸ್ಸಿನಲ್ಲಿ ಆ ಲಾಭವನ್ನು ಏಪ್ರಿಲ್‌ನಲ್ಲಿಯೇ ಜಮಾ ಮಾಡಿಕೊಂಡಿದ್ದೆ.

ವ್ಯಾಪಾರಿಯು ಮುಂಗಂಡು ತರಿಸದಿದ್ದರೆ ಮಳೆಯಲ್ಲಿ ಟರ್ಪಾಲೇ ಸಿಗದು ಎಂಬುದೂ ನಿಜವೇ. ಆ ಶ್ರಮಕ್ಕೆ, ಗೋದಾಮಿನ ಬಾಡಿಗೆಗೆ ಪ್ರತಿಫಲ ಸಲ್ಲಬೇಕು. ಅದು ಹಳೆಯ ಬೆಲೆಯಲ್ಲಿ ಸೇರಿಯೇ ಇತ್ತು.

ಮರುದಿನ ಬೆಳಿಗ್ಗೆ ಹಲಗೆಯ ಮೇಲೆ ಹಿಂದಿನ ದರವನ್ನೇ ಬರೆಸಿದೆ. ಸಂಜೆಯೊಳಗೆ ಮಾಲು ತೀರಿತು. ಒಂದನ್ನು ತೆಗೆದಿರಿಸಿದ್ದೆ, ಆತನು ಮತ್ತೆ ಬರಲಿಲ್ಲ.