ಬಾನೆಟ್ಟಿನೊಳಗಿನ ಬಾಣಂತಿ

ನಮ್ಮ ಸಾತನೂರಿನ ಮನೆಯ ಮುಂದೆ, ಹೊಂಗೆ ಮರದ ಕೆಳಗೆ ಕಾರು ನಿಂತು ಇಪ್ಪತ್ತು ದಿನದ ಮೇಲಾಗಿತ್ತು. ಮಗ ಬೆಂಗಳೂರಿನಲ್ಲಿ ಹೊಸ ಕಾರು ಕೊಂಡ ಮೇಲೆ, "ಅಜ್ಜಿಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗೋದಕ್ಕೆ ಇರಲಿ" ಎಂದು ಹಳೆಯದನ್ನು ಇಲ್ಲಿ ಬಿಟ್ಟುಹೋಗಿದ್ದ. ಅದು ಬೇಕಾದ ರಾತ್ರಿ ಬಂದೇ ಬಂತು. ಅತ್ತೆಗೆ ಇದ್ದಕ್ಕಿದ್ದಂತೆ ಉಬ್ಬಸ ಹೆಚ್ಚಾಯಿತು. ನಮ್ಮವರು ಕೀಲಿ ತಿರುಗಿಸಿದರೆ ಕಾರು ಒಂದು ಸಲವೂ ಉಸಿರೆತ್ತಲಿಲ್ಲ. ಪಕ್ಕದ ಬೀದಿಯ ಆಟೋ ಹುಡುಗನನ್ನು ಎಬ್ಬಿಸಿಕೊಂಡು ಕನಕಪುರ ಮುಟ್ಟುವವರೆಗೆ ಅತ್ತೆಯ ಬೆನ್ನು ನೀವುತ್ತಾ ಕಬ್ಬಾಳಮ್ಮನಿಗೆ ಎಷ್ಟು ಹರಕೆ ಹೊತ್ತೆನೋ ಲೆಕ್ಕವಿಲ್ಲ. ಅತ್ತೆ ಉಳಿದುಕೊಂಡರು. ನಾಲ್ಕನೆಯ ದಿನ ಮನೆಗೂ ಬಂದರು.

ಮರುದಿನ ಮೆಕ್ಯಾನಿಕ್ ಬಂದು ಬಾನೆಟ್ ಎತ್ತಿದವನೇ, "ಅಮ್ಮಾ, ಇಲ್ನೋಡಿ" ಎಂದು ಕೂಗಿದ. ಎಂಜಿನ್ನಿನ ಮೂಲೆಯಲ್ಲೊಂದು ಗೂಡು. ಬಾನೆಟ್ಟಿನ ಒಳಗಿನ ಮೆತ್ತೆ, ರಾಗಿ ಹುಲ್ಲು, ಅವರೆ ಸಿಪ್ಪೆ, ಒಣಹಾಕಿದ್ದ ನನ್ನದೇ ಹಳೆಯ ಸೀರೆಯ ದಾರ! ನಡುವೆ ಕಣ್ಣು ಬಿಡದ ಆರು ಕೆಂಪು ಮರಿಗಳು. ಪಕ್ಕದಲ್ಲೇ ಕಡಿದುಹೋದ ವೈರುಗಳು. ತಾಯಿ ಇಲಿ ಚಂಗನೆ ಹಾರಿ ಮರೆಯಾಯಿತು.

"ಬಿಸಾಕ್ಲಾ ಅಮ್ಮಾ?" ಎಂದ. ನನಗೆ ಮಾತು ಹೊರಡಲಿಲ್ಲ. ಎರಡು ಹೆತ್ತವಳು ನಾನು. ಆದರೆ ಇದೇ ಗೂಡಿನಿಂದಾಗಿ ಅತ್ತೆಯನ್ನು ಕಳೆದುಕೊಳ್ಳಬೇಕಾಗಿತ್ತು. ಕರುಣೆಯೂ ಸಿಟ್ಟೂ ಒಟ್ಟಿಗೆ ಬಂದರೆ ಯಾವುದರ ಮಾತು ಕೇಳಬೇಕು?

ಇಲಿ ನಮ್ಮ ಮೇಲಿನ ಹಗೆಯಿಂದ ವೈರು ಕಡಿಯುವುದಿಲ್ಲ. ಅದರ ಮುಂಬಾಚಿ ಹಲ್ಲು ಸಾಯುವವರೆಗೂ ಬೆಳೆಯುತ್ತಲೇ ಇರುತ್ತದೆ. ಏನನ್ನಾದರೂ ಕಡಿದು ಸವೆಸದಿದ್ದರೆ ಅದಕ್ಕೆ ಉಳಿವಿಲ್ಲ. ನಿಂತ ಕಾರು ಗೂಬೆಯ ಕಣ್ಣಿಗೆ ಬೀಳದ, ಮಳೆಗೆ ನೆನೆಯದ ಬಾಣಂತಿ ಕೋಣೆ. 2020ರ ಲಾಕ್‌ಡೌನಿನಲ್ಲಿ ತಿಂಗಳುಗಟ್ಟಲೆ ಕಾರು ನಿಲ್ಲಿಸಿದವರು ಹಲವರು ಈ ಪಾಠ ಕಲಿತರು. ಅಮೆರಿಕದಲ್ಲಿ ವೈರಿನ ಹೊದಿಕೆಗೆ ಸೋಯಾ ಬಳಸಿದ್ದೇ ತಪ್ಪೆಂದು ಕಾರು ಕಂಪನಿಗಳ ಮೇಲೆ ದಾವೆ ಹೂಡಿದವರೂ ಇದ್ದಾರೆ. ವೈರಿಗೆ ಸುತ್ತಲು ಖಾರ ಬೆರೆಸಿದ ಟೇಪನ್ನೂ ಮಾಡಿದ್ದಾರೆ. ತಪ್ಪು ಯಾರದೋ, ಹಲ್ಲಂತೂ ಬೆಳೆಯುತ್ತಲೇ ಇದೆ.

ಜಗಲಿಯಲ್ಲಿ ಕೂತಿದ್ದ ಅತ್ತೆ ನನ್ನ ಮುಖ ನೋಡಿ ನಕ್ಕರು. "ಹುಳದ ಮನೇಲಿ ಇಲಿ ನುಗ್ಗಿದ್ರೆ ಏನಾಯ್ತದೆ ಅಂತ ನೀನು ನೋಡಿಲ್ಲ ಕಣವ್ವ" ಎಂದರು. ನಲವತ್ತು ವರ್ಷ ರೇಷ್ಮೆ ಹುಳ ಸಾಕಿದ ಕೈ ಅವರದು. ನಾಲ್ಕು ಜ್ವರ ಕಳೆದು, ಹಗಲೂ ರಾತ್ರಿ ಹಿಪ್ಪುನೇರಳೆ ಸೊಪ್ಪು ತಿನ್ನಿಸಿ, ಹುಳ ಹಣ್ಣಾಗಿ ಚಂದ್ರಿಕೆಗೆ ಏರುವ ಹೊತ್ತಿಗೆ ಇಲಿ ಬಿದ್ದರೆ ತಿಂಗಳ ದುಡಿಮೆ ಬೆಳಗಾಗುವುದರಲ್ಲಿ ಮಣ್ಣು. ಆ ದುಡ್ಡಿನಲ್ಲೇ ನಮ್ಮವರ ಓದು, ನಾದಿನಿಯ ಮದುವೆ ನಡೆದದ್ದು. ಇಲಿ ಕೊಲ್ಲುವುದು ಸರಿಯೋ ತಪ್ಪೋ ಎಂದು ಯೋಚಿಸುವ ಪುರುಸೊತ್ತು ಅತ್ತೆಗೆ ಇರಲಿಲ್ಲ.

ಅಷ್ಟರಲ್ಲಿ ನನಗೇ ಇನ್ನೊಂದು ಹೊಳೆದು ನಾಚಿಕೆಯಾಯಿತು. ರಾಮನಗರದ ಗೂಡಿನ ಮಾರುಕಟ್ಟೆ ದಾಟಿದ ಗೂಡುಗಳಿಗೆ ಆಗುವುದೇನು? ಒಳಗಿನ ಹುಳುವನ್ನು ಶಾಖಕ್ಕೆ ಕೊಂದು, ಬಿಸಿನೀರಿನಲ್ಲಿ ಬೇಯಿಸಿ ನೂಲು ತೆಗೆಯುತ್ತಾರೆ. ಒಂದು ಸೀರೆಗೆ ಅಂಥವು ಸಾವಿರಾರು ಬೇಕು. ಅದನ್ನುಟ್ಟು ಜಾತ್ರೆಗೆ ಹೋಗುವ ನಾನು ಆರು ಇಲಿಮರಿಗೆ ಕಣ್ಣೀರು ತುಂಬಿಕೊಂಡೆನಲ್ಲ! ಕಣ್ಣಿಗೆ ಕಂಡದ್ದಕ್ಕೆ ಮಾತ್ರ ಮರುಗುವ ಕರುಣೆಯನ್ನು ಕರುಣೆಯೆನ್ನಬಹುದೆ?

ಹಾಗೆಂದು ಆ ಮರುಕವನ್ನು ಸುಳ್ಳೆಂದು ತಳ್ಳಿಬಿಡಲೂ ಮನಸ್ಸು ಒಪ್ಪಲಿಲ್ಲ. ಮರುಕ ಎಲ್ಲ ಕಡೆಗೂ ಮುಟ್ಟುವುದಿಲ್ಲವೆಂದು ಮುಟ್ಟಿದ ಕಡೆಯೂ ಅದನ್ನು ಕಿತ್ತೊಗೆದರೆ ನಮ್ಮಲ್ಲಿ ಉಳಿಯುವುದೇನು? ಇತ್ತ ಬೇನೆಯ ಹೆದರಿಕೆಯೂ ಸಣ್ಣದಲ್ಲ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಾಗ ಜನ ಪ್ಲೇಗಮ್ಮನಿಗೆ ಗುಡಿ ಕಟ್ಟಿ ಕೈಮುಗಿದರು. ಇಂದಿಗೂ ಇಲಿಜ್ವರ ನಮ್ಮನ್ನು ಬಿಟ್ಟಿಲ್ಲ. ಗಣಪತಿ ಹಬ್ಬಕ್ಕೆ ಮಣ್ಣಿನ ಮೂಷಿಕನಿಗೂ ಅರಿಶಿನ ಕುಂಕುಮ ಇಟ್ಟು, ಮರುವಾರ ಅಂಗಡಿಯಲ್ಲಿ ಪಾಷಾಣ ಕೇಳುವವರು ನಾವು.

ಆ ಪಾಷಾಣವನ್ನು ಹೋದ ವರ್ಷ ನಾನೂ ಇಟ್ಟಿದ್ದೆ. ಈಗ ಸಿಗುವ ಹಲವು ವಿಷಗಳು ರಕ್ತ ಹೆಪ್ಪುಗಟ್ಟದಂತೆ ಮಾಡುತ್ತವೆ. ಇಲಿ ಒಳಗೊಳಗೇ ರಕ್ತ ಸೋರಿ ಸಾಯಲು ಕೆಲವು ದಿನ ಬೇಕು. ಅಂಥ ಇಲಿಯನ್ನು ತಿಂದ ಬೆಕ್ಕು, ಗೂಬೆಗೂ ಅಪಾಯ. ಎರಡು ವಾರ ಕಳೆಯುವುದರಲ್ಲಿ ನಮ್ಮ ಬೂದು ಬೆಕ್ಕು ಹಿತ್ತಲಲ್ಲಿ ಸತ್ತು ಬಿದ್ದಿತ್ತು. ಕಾರಣ ಅದೇ ಎಂದು ಆಣೆಯಿಟ್ಟು ಹೇಳಲಾರೆ. ಆದರೂ ಅದರ ತಟ್ಟೆ ತೊಳೆದಿಡುವಾಗ ನನ್ನ ಕೈ ನಡುಗಿತ್ತು. ಅಂಟಿನ ಹಲಗೆಯಂತೂ ಇನ್ನೂ ಕ್ರೂರ. ಅಂಟಿಕೊಂಡ ಪ್ರಾಣಿ ಹಸಿವು ಬಾಯಾರಿಕೆಯಲ್ಲಿ ಒದ್ದಾಡಿ ಸಾಯುತ್ತದೆ. ಇಂಗ್ಲೆಂಡಿನಲ್ಲಿ 2024ರಿಂದ ಪರವಾನಗಿಯಿಲ್ಲದೆ ಅದನ್ನು ಇಡುವಂತಿಲ್ಲ. ಬೋನಿಟ್ಟು ಹಿಡಿದು ಕೆರೆಯಾಚೆ ಬಿಡೋಣವೆಂದರೆ, ಅಲ್ಲೂ ಯಾರದೋ ಹುಳದ ಮನೆಯಿದೆ. ನನ್ನ ಪುಣ್ಯಕ್ಕೆ ಇನ್ನೊಬ್ಬಳು ನಷ್ಟ ಕಟ್ಟಬೇಕೆ?

ಯೋಚಿಸುತ್ತಾ ಹೋದಂತೆ, ಕೊಲ್ಲಬೇಕೆ ಬೇಡವೆ ಎನ್ನುವ ಪ್ರಶ್ನೆಗೆ ಮೊದಲೇ ಕೇಳಬೇಕಾದ ಪ್ರಶ್ನೆ ಇನ್ನೊಂದಿತ್ತು ಎನ್ನಿಸಿತು. ಇಲಿಯನ್ನು ಕರೆದವರು ಯಾರು? ಕಾರಿನ ಪಕ್ಕದಲ್ಲೇ ಅವರೆ ಸಿಪ್ಪೆ ಸುರಿದವಳು ನಾನು. ಇಪ್ಪತ್ತು ದಿನ ಒಮ್ಮೆಯೂ ಬಾನೆಟ್ ಎತ್ತಿ ನೋಡದವರು ನಮ್ಮವರು. ನಮ್ಮ ಸೋಮಾರಿತನಕ್ಕೆ ಇಲಿಗೆ ಮರಣದಂಡನೆ! ಮನೆ ಉಳಿಸಿಕೊಳ್ಳಲು ಬೇರೆ ದಾರಿಯೇ ಇಲ್ಲದೆ ಕೊಂದ ಅತ್ತೆಗೂ, ಸಿಪ್ಪೆ ಗುಡಿಸಲು ಬೇಸರಪಟ್ಟು ಪಾಷಾಣ ಇಟ್ಟ ನನಗೂ ಇರುವ ಅಂತರ ಅದೇ.

ಕೊನೆಗೆ ಗೂಡನ್ನು ಕಾಗದದ ಸಮೇತ ಎತ್ತಿಸಿ, ಹಿತ್ತಲ ಹುಲ್ಲಿನ ಮೆದೆಯ ಬುಡದಲ್ಲಿ ಇಡಿಸಿದೆ. ಬೆಳಿಗ್ಗೆ ಹೋಗಿ ನೋಡಿದರೆ ಗೂಡು ಬರಿದಾಗಿತ್ತು. ತಾಯಿ ಒಂದೊಂದನ್ನೇ ಬಾಯಲ್ಲಿ ಕಚ್ಚಿಕೊಂಡು ಹೋಯಿತೋ, ಕಾಗೆಯ ಪಾಲಾದವೋ ತಿಳಿಯದು. ತಾಯಿಯೇ ಒಯ್ದಿರಬೇಕು ಎಂದೆ. ಅತ್ತೆ ನನ್ನನ್ನು ದಿಟ್ಟಿಸಿ, "ಹಂಗೇ ಅಂದ್ಕೊ ಕಣವ್ವ. ಮೊದಲು ಸೋಪ್ ಹಾಕಿ ಕೈ ತೊಳ್ಕೊ" ಎಂದರು.

ಈಗ ವಾರಕ್ಕೆರಡು ಸಲ ಕಾರು ಹೊರಡುತ್ತದೆ. ಸಂಜೆ ಬಾನೆಟ್ ಎತ್ತಿ ನೋಡುವುದು ನಮ್ಮವರ ಕೆಲಸ. ಮರದ ಕೆಳಗೆ ಗುಡಿಸುವುದು ನನ್ನದು.