ಅರಳು-ಮರಳು ಎನ್ನುವ ಮೊದಲು

ಚುನಾವಣೆ ಬಂದಾಗ ಇಂಡಿ, ಸಿಂದಗಿ, ಮುದ್ದೇಬಿಹಾಳಗಳಲ್ಲಿ ಬಹಿರಂಗ ಸಭೆಗಳು ನಡೆಯುತ್ತವೆ. ವೇದಿಕೆಯ ಮೇಲಿನ ವಯೋವೃದ್ಧ ಮುಖಂಡರೊಬ್ಬರು ಅಭ್ಯರ್ಥಿಯ ಹೆಸರನ್ನೇ ಮರೆತರೆ ಜನ ನಗುತ್ತಾರೆ. ಸಂಜೆಯೊಳಗೆ ಆ ತುಣುಕು ಮನೆಮನೆಯ ಮೊಬೈಲಿನಲ್ಲಿರುತ್ತದೆ. ‘ಅರವತ್ತಕ್ಕೆ ಅರಳು ಮರಳು’ ಎಂಬ ಗಾದೆ ನಮ್ಮ ನಾಲಿಗೆಯ ತುದಿಯಲ್ಲೇ ಇದೆ. ಮಾತಿನಿಂದ ಮನುಷ್ಯನನ್ನು ಅಳೆದ ಬಸವಣ್ಣನವರು ಹುಟ್ಟಿದ ಬಸವನ ಬಾಗೇವಾಡಿಯೂ ಇದೇ ಸೀಮೆಯಲ್ಲಿದೆ. ಹಾಗಾದರೆ ತೊದಲುವ ಮುದಿಮಾತಿನಿಂದ ನಾವು ಏನನ್ನು ಅಳೆಯಬಹುದು?

ಸ್ವಲ್ಪವನ್ನು ಅಳೆಯಬಹುದು. ಅಮೆರಿಕದ ಅಧ್ಯಕ್ಷ ರೊನಾಲ್ಡ್ ರೇಗನ್ ತಮಗೆ ಆಲ್‌ಝೈಮರ್ ಕಾಯಿಲೆ ಇರುವುದನ್ನು ಪ್ರಕಟಿಸಿದ್ದು 1994ರಲ್ಲಿ, ಅಧಿಕಾರ ಬಿಟ್ಟು ಐದು ವರ್ಷಗಳಾದ ಮೇಲೆ. 2015ರಲ್ಲಿ ಅರಿಜೋನಾದ ಸಂಶೋಧಕರು ಅವರ ಹಳೆಯ ಪತ್ರಿಕಾಗೋಷ್ಠಿಗಳ ಮಾತನ್ನು ಪರಿಶೀಲಿಸಿದರು. ವರ್ಷ ಕಳೆದಂತೆ ಅವರು ಬಳಸುವ ಪದಗಳ ವೈವಿಧ್ಯ ಕುಗ್ಗಿತ್ತು. ನಿರ್ದಿಷ್ಟ ಹೆಸರಿನ ಜಾಗದಲ್ಲಿ ‘ಅದು, ಇದು’ ಎನ್ನುವಂಥ ಮಾತು ಹೆಚ್ಚಿತ್ತು. ಅವರ ನಂತರ ಬಂದ ಹಿರಿಯ ಬುಷ್ ಅವರ ಮಾತಿನಲ್ಲಿ ಈ ಬದಲಾವಣೆ ಕಾಣಲಿಲ್ಲ. ಆದರೂ ಅಧಿಕಾರದಲ್ಲಿದ್ದಾಗಲೇ ರೇಗನ್ನರ ವಿವೇಚನೆ ಕೆಟ್ಟಿತ್ತೆಂದು ಇದರಿಂದ ಸಿದ್ಧವಾಗುವುದಿಲ್ಲವೆಂದು ಆ ಸಂಶೋಧಕರೇ ಎಚ್ಚರಿಸಿದರು.

ಇಲ್ಲಿ ಗಮನಿಸಿ: ಅವರು ರೇಗನ್ನರನ್ನು ಹೋಲಿಸಿದ್ದು ಮೊದಲಾಗಿ ರೇಗನ್ನರೊಂದಿಗೇ. ಒಂದು ದಿನದ ತಡವರಿಕೆ ಏನನ್ನೂ ಹೇಳದು. ಕಿವಿ ಮಂದವಾಗಿರಬಹುದು, ನಿದ್ರೆ ಕೆಟ್ಟಿರಬಹುದು, ಔಷಧಿಯ ಮಂಪರಿರಬಹುದು. ವಾಜಪೇಯಿಯವರು ಮಾತಿನ ನಡುವೆ ದೀರ್ಘವಾಗಿ ಸುಮ್ಮನಾಗುತ್ತಿದ್ದರು; ಆ ಮೌನವನ್ನೇ ಮೆಚ್ಚಿದವರು ಎಷ್ಟೋ ಮಂದಿ. ಅವರ ಮಾತನ್ನು ಕಸಿದದ್ದು 2009ರ ಪಾರ್ಶ್ವವಾಯು. ನಾಲಿಗೆ ಮಂದವೆಂದು ದೇವರ ಮುಂದೆ ಹಿಂಜರಿದ ಮೋಶೆಯನ್ನು ನಾವು ಬಲ್ಲೆವು.

ನಿನ್ನೆಯ ಮಾತನ್ನೂ ಇಂದಿನ ಮಾತನ್ನೂ ಜೋಡಿಸಿ ನೋಡಬಲ್ಲವರು ಯಾರು? ಸಭೆಯಲ್ಲಿ ನಿಂತ ನಾವಲ್ಲ. ಹೆಂಡತಿ, ಮಕ್ಕಳು, ಕಾರಿನ ಚಾಲಕ, ಆಪ್ತ ಕಾರ್ಯದರ್ಶಿ. ಅವರಿಗೆ ಎಲ್ಲರಿಗಿಂತ ಮೊದಲೇ ಗೊತ್ತಾಗುತ್ತದೆ, ಮತ್ತು ಬಾಯಿ ಬಿಡದಿರಲು ಅವರಿಗೇ ಹೆಚ್ಚು ಕಾರಣಗಳಿರುತ್ತವೆ. ಯಜಮಾನರ ಸಹಿ ನಡೆಯುವವರೆಗೆ ಶಿಫಾರಸು ಪತ್ರ, ಗುತ್ತಿಗೆ, ಮಗನ ಟಿಕೆಟ್ ಎಲ್ಲವೂ ನಡೆಯುತ್ತದೆ. ನಗುವ ಜನರ ತಪ್ಪಿಗಿಂತ ಈ ಮೌನದ ತಪ್ಪು ದೊಡ್ಡದೆಂದು ನನಗೆ ಅನ್ನಿಸುತ್ತದೆ.

ಜಾರ್ಜ್ ಫರ್ನಾಂಡಿಸ್ ನಮಗೆ ಅಪರಿಚಿತರಲ್ಲ. 1930ರಲ್ಲಿ ಮಂಗಳೂರಿನ ಕಥೋಲಿಕ ಕುಟುಂಬದಲ್ಲಿ ಹುಟ್ಟಿ, ಬೆಂಗಳೂರಿನ ಗುರುಮಠಕ್ಕೆ ಸೇರಿ, ಅದನ್ನು ಬಿಟ್ಟು ಕಾರ್ಮಿಕ ನಾಯಕರಾದವರು; 1974ರ ರೈಲ್ವೆ ಮುಷ್ಕರದ ಮುಂದಾಳು; ಕನ್ನಡ, ಕೊಂಕಣಿ, ತುಳು, ಹಿಂದಿ, ಮರಾಠಿಗಳಲ್ಲಿ ಮಾತಾಡಬಲ್ಲವರು. 2009ರಲ್ಲಿ ಆರೋಗ್ಯದ ಕಾರಣ ಹೇಳಿ ಪಕ್ಷವು ಅವರಿಗೆ ಲೋಕಸಭೆಯ ಟಿಕೆಟ್ ನಿರಾಕರಿಸಿತು. ಪಕ್ಷೇತರರಾಗಿ ನಿಂತು ಸೋತರು. ಅದೇ ವರ್ಷ ರಾಜ್ಯಸಭೆಗೆ ಕಳುಹಿಸಲ್ಪಟ್ಟರು! ಇದನ್ನು ಗೌರವವೆನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ. ಆಲ್‌ಝೈಮರ್ ಅವರ ಸ್ಮರಣೆಯನ್ನೂ ಮಾತನ್ನೂ ಒಯ್ದಿತು. ಅವರ ಆರೈಕೆ ಯಾರದೆಂಬ ವ್ಯಾಜ್ಯ ದೆಹಲಿಯ ಉಚ್ಚ ನ್ಯಾಯಾಲಯದವರೆಗೆ ಹೋಯಿತು. 2019ರ ಜನವರಿಯಲ್ಲಿ ಅವರು ತೀರಿಕೊಂಡರು.

ತಂದೆಯ ಬುದ್ಧಿ ಮಂಕಾದರೂ ತಾಳ್ಮೆಯಿಂದಿರು, ಅವನನ್ನು ಹೀಯಾಳಿಸಬೇಡ ಎಂದು ಸಿರಾಖನ ಗ್ರಂಥ ಮಗನಿಗೆ ಬುದ್ಧಿ ಹೇಳುತ್ತದೆ. ತಾಳ್ಮೆಯೆಂದರೆ ತಂದೆಯನ್ನು ಪೀಠದಲ್ಲೇ ಕೂರಿಸಿಡುವುದಲ್ಲ. ಧರ್ಮಸಭೆಯಲ್ಲಿ 75 ತುಂಬಿದ ಧರ್ಮಾಧ್ಯಕ್ಷರು ರಾಜೀನಾಮೆ ಸಲ್ಲಿಸಬೇಕು. 80 ದಾಟಿದ ಕಾರ್ಡಿನಲರು ಜಗದ್ಗುರುಗಳ ಆಯ್ಕೆಯಲ್ಲಿ ಮತ ಹಾಕುವಂತಿಲ್ಲ. ಯಾರ ಮಾತನ್ನೂ ತೂಗಿ ಅವಮಾನಿಸಬೇಕಾಗಿಲ್ಲ. ನಮ್ಮ ಸಂವಿಧಾನ ಶಾಸಕನಿಗೆ ಕನಿಷ್ಠ 25 ವರ್ಷ ಎಂದಿದೆ. ಗರಿಷ್ಠ ಮಿತಿ ಇಟ್ಟಿಲ್ಲ. ಹೀಗಾಗಿ ಸಾಕು ಎನ್ನುವ ಹೊರೆ ಮನೆಯವರ ಮೇಲೂ ಆ ಹಿರಿಯರ ಮೇಲೂ ಬೀಳುತ್ತದೆ.

ಸಮುವೇಲನ ಎರಡನೇ ಗ್ರಂಥದ 19ನೇ ಅಧ್ಯಾಯವನ್ನು ಮನೆಯಲ್ಲಿ ಒಮ್ಮೆ ಓದಿ. ಅರಸ ದಾವೀದನು ಉಪಕಾರ ಮಾಡಿದ ಬರ್ಜಿಲ್ಲೈಯನ್ನು ಜೆರುಸಲೇಮಿನ ಅರಮನೆಗೆ ಕರೆಯುತ್ತಾನೆ. ತನಗೆ ಎಂಬತ್ತಾಯಿತು, ಊಟದ ರುಚಿ ತಿಳಿಯದು, ಗಾಯಕರ ದನಿ ಕೇಳಿಸದು, ಅರಸನಿಗೆ ಹೊರೆಯಾಗಲಾರೆ ಎಂದು ಬರ್ಜಿಲ್ಲೈ ಹೇಳಿಕೊಳ್ಳುತ್ತಾನೆ. ತನ್ನ ಬದಲು ಕಿಮ್ಹಾಮನನ್ನು ಕಳುಹಿಸುತ್ತಾನೆ. ದಾವೀದನು ಮುದುಕನಿಗೆ ಮುದ್ದಿಟ್ಟು ಹರಸುತ್ತಾನೆ. ಬರ್ಜಿಲ್ಲೈ ತನ್ನ ಊರಿಗೆ ಹಿಂದಿರುಗುತ್ತಾನೆ.