ಮುಟ್ಟುವ ಕೈ, ಮುಟ್ಟಿಸಿಕೊಳ್ಳುವ ಬೆನ್ನು

ಹೋದ ವರ್ಷ ಮಳೆಗಾಲದಲ್ಲಿ ನಮ್ಮವ್ವನ ಸೊಂಟ ಹಿಡಿದುಕೊಂಡಿತು. ಪೀಣ್ಯದ ಗಾರ್ಮೆಂಟ್ಸಿನಲ್ಲಿ 22 ವರ್ಷ ಬಾಗಿ ಕಾಲರ್ ಹೊಲಿದ ಸೊಂಟ ಅದು. ಎಣ್ಣೆ ಹಚ್ಚಿದ್ದಾಯಿತು, ಬಿಸಿನೀರು ಹುಯ್ದಿದ್ದಾಯಿತು, ಮೆಡಿಕಲ್ ಸ್ಟೋರಿನ ಮಾತ್ರೆ ನುಂಗಿದ್ದಾಯಿತು. ಕೊನೆಗೆ ಒಂದು ಭಾನುವಾರ ಅವಳನ್ನು ಫಿಸಿಯೋಥೆರಪಿ ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆವು. ಕ್ಲಿನಿಕ್ಕು ಎಂದರೆ ಹಾರ್ಡ್‌ವೇರ್ ಅಂಗಡಿಯ ಮೇಲೊಂದು ಕೋಣೆ. ಒಂದು ಮಂಚ, ಒಂದು ಹಸಿರು ಪರದೆ, ಗೋಡೆಗೆ ಬೆನ್ನುಮೂಳೆಯ ಚಿತ್ರ. ನಡೆಸುವವಳು ನಮಗಿಂತ ನಾಲ್ಕೈದು ವರ್ಷಕ್ಕೆ ದೊಡ್ಡವಳಾದ ಒಬ್ಬ ಹೆಣ್ಣುಮಗಳು. ಯಾರ ಕೈಕೆಳಗೂ ಅವಳಿಲ್ಲ, ಅವಳ ಕೈಕೆಳಗೂ ಯಾರಿಲ್ಲ. ಅವ್ವನನ್ನು ಬೋರಲು ಮಲಗಿಸಿ ಕೇಳಿದಳು:

"ಮುಟ್ಲಾ ಅಮ್ಮ?"

ಅವ್ವ ತಲೆಯೆತ್ತಿ ನಮ್ಮ ಮುಖ ನೋಡಿದಳು. ಆಮೇಲೆ ತಗ್ಗಿದ ದನಿಯಲ್ಲಿ, "ನಾವು ಎಡಗೈನೋರು ಕಣ್ ತಾಯಿ, ಪರ್ವಾಗಿಲ್ವಾ?" ಅಂದಳು.

ಗೆಳೆಯರೇ, ಬಾಡಿಗೆ ಮನೆ ಹುಡುಕುವಾಗ ಹೇಳದ ಜಾತಿ, ಬಸ್ಸಿನಲ್ಲಿ, ಲೈನಿನಲ್ಲಿ, ಬೀದಿ ನಲ್ಲಿಯ ಮುಂದೆ 22 ವರ್ಷ ಹಲ್ಲು ಕಚ್ಚಿ ಮುಚ್ಚಿಟ್ಟ ಜಾತಿ, ಸೆರಗು ಸರಿಸಿದ ಒಂದು ಗಳಿಗೆಯಲ್ಲಿ ತಾನಾಗಿ ಹೊರಗೆ ಬಂತು. ಆ ಹೆಣ್ಣುಮಗಳು ಅದಕ್ಕೆ ಏನೂ ಹೇಳಲಿಲ್ಲ. "ಎಲ್ಲಿ ನೋವು ಅಂತ ಬೆರಳಿಟ್ಟು ತೋರ್ಸಿ" ಅಂದಳು, ಅಷ್ಟೇ.

ಅವತ್ತಿನಿಂದ ಈ ಪ್ರಶ್ನೆ ನಮ್ಮನ್ನು ಬಿಟ್ಟಿಲ್ಲ: ಒಬ್ಬರು ಇನ್ನೊಬ್ಬರ ಮೈ ಮುಟ್ಟುವುದು ಯಾವಾಗ ಸಮಾನತೆ, ಯಾವಾಗ ಬರೀ ಚಾಕರಿ?

ನಮ್ಮ ತಾತ ಕಾಲು ಮುಂದಾಗಿ ಹುಟ್ಟಿದವನು. ಅಂಥವರು ತುಳಿದರೆ ಹಿಡಿದ ಸೊಂಟ ಬಿಡುತ್ತದೆ ಎಂಬುದು ನಮ್ಮ ಮಧುಗಿರಿ ಸೀಮೆಯ ನಂಬಿಕೆ. ಊರ ಯಜಮಾನನ ಸೊಂಟ ಹಿಡಿದ ದಿನ ಕೇರಿಗೆ ಆಳು ಬರುತ್ತಿತ್ತು. ಕತ್ತಲಾದ ಮೇಲೆ ಹಿತ್ತಲಲ್ಲಿ ಗೋಣಿತಾಟು ಹಾಸಿ ಯಜಮಾನ ಬೋರಲು ಬೀಳುತ್ತಿದ್ದ. ತಾತ ಮೂರು ಸಲ ತುಳಿಯುತ್ತಿದ್ದ. ಆಮೇಲೆ ಅವನ ಟವಲಿಗೆ ಮೇಲಿನಿಂದ ಒಂದು ಸೇರು ರಾಗಿ ಸುರಿಯುತ್ತಿದ್ದರು, ಯಜಮಾನ ತಲೆಗೆ ನೀರು ಹುಯ್ದುಕೊಳ್ಳುತ್ತಿದ್ದ. ಹೊಸಿಲು ದಾಟಬಾರದ ಕಾಲು ಯಜಮಾನನ ಬೆನ್ನಿನ ಮೇಲೆ ನಿಲ್ಲಬಹುದಾಗಿತ್ತು! ತಾತ ಇದನ್ನು ನಗುತ್ತಲೇ ಹೇಳುತ್ತಿದ್ದ. "ಇನ್ನೊಂದ್ ಚೂರು ಜೋರಾಗ್ ತುಳೀಬೋದಾಗಿತ್ತು ಕಣೋ" ಅನ್ನುತ್ತಿದ್ದ. (ವಿರಾಟ್ ಪುರುಷನ ಪಾದದಿಂದ ಶೂದ್ರ ಹುಟ್ಟಿದ ಎಂದು ಬರೆದವರಿಗೆ ಪಾದದ ಈ ಉಪಯೋಗ ಹೊಳೆದಿರಲಿಕ್ಕಿಲ್ಲ. ನಮಗಂತೂ ಆ ಪಾದದಲ್ಲೂ ಜಾಗ ಕೊಡಲಿಲ್ಲ.)

ಸೂಲಗಿತ್ತಿಯರ ಮಾತೂ ಇದೇ. ಎಷ್ಟೋ ಊರುಗಳಲ್ಲಿ ಮೇಲಿನವರ ಕೂಸನ್ನು ಮೊದಲು ಎತ್ತಿಕೊಂಡದ್ದು ಕೆಳಗಿನವರ ಕೈ. ಹೊಕ್ಕುಳು ಕತ್ತರಿಸುವ ತನಕ ಅದು ತಾಯಿಯ ಕೈ, ಹನ್ನೊಂದನೇ ದಿನ ಪುಣ್ಯಾಹದ ನೀರು ಬಿದ್ದ ಮೇಲೆ ಅದೇ ಕೈ ಮೈಲಿಗೆ. ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿದ ಪಾವಗಡದ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷ ಡಿಸೆಂಬರಿನಲ್ಲಿ ಅವರು ತೀರಿಕೊಂಡರು. ಒಂದು ಜೋಡಿ ಕೈಗೆ ಪದಕ ಸಿಕ್ಕಿತು. ಉಳಿದ ಕೈಗಳ ಲೆಕ್ಕ ಯಾವ ದಫ್ತರದಲ್ಲೂ ಇಲ್ಲ.

ಅಂದರೆ ಅಸ್ಪೃಶ್ಯತೆ ಮುಟ್ಟುವುದನ್ನು ನಿಲ್ಲಿಸಿರಲೇ ಇಲ್ಲ. ಯಾರು, ಯಾವಾಗ, ಯಾರ ಅಗತ್ಯಕ್ಕೆ ಮುಟ್ಟಬೇಕು ಎಂದು ತೀರ್ಮಾನಿಸುವ ಹಕ್ಕನ್ನು ಒಂದು ಕಡೆಯವರು ಇಟ್ಟುಕೊಂಡಿದ್ದರು. ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆ ಎಂಬ ಪದವನ್ನು ಉದ್ಧರಣ ಚಿಹ್ನೆಯೊಳಗೆ ಇಟ್ಟು ರದ್ದು ಮಾಡಿತು, ಅರ್ಥ ಬಿಡಿಸಿ ಹೇಳಲಿಲ್ಲ. 1950ರ ದಶಕದಲ್ಲಿ ದೇವರಾಜಯ್ಯ ಮತ್ತು ಪದ್ಮಣ್ಣ ಮೊಕದ್ದಮೆಯಲ್ಲಿ ಮೈಸೂರು ಹೈಕೋರ್ಟು ಆ ಚಿಹ್ನೆಯ ಅರ್ಥ ಹೇಳಿತು: ಇಲ್ಲಿ ಲೆಕ್ಕಕ್ಕೆ ಬರುವುದು ನಿಘಂಟಿನ ಅರ್ಥವಲ್ಲ, ಈ ದೇಶದ ಚರಿತ್ರೆಯಲ್ಲಿ ಬೆಳೆದುಬಂದ ಆಚರಣೆ. ನಮ್ಮ ತಾತ ಕೋರ್ಟಿಗೆ ಹೋದವನಲ್ಲ, ಆದರೆ ಗೋಣಿತಾಟಿನ ಪಕ್ಕ ನಿಂತು ಅವನು ತಿಳಿದುಕೊಂಡದ್ದೂ ಇದನ್ನೇ.

ಇನ್ನೊಂದು ಮಾತು. ಮೈ ಮುಟ್ಟಿ ವಾಸಿ ಮಾಡುವವರ ಮೇಲೆಯೇ ಈ ಧರ್ಮಶಾಸ್ತ್ರಗಳಿಗೆ ಅಸಹ್ಯ. ವೈದ್ಯನ ಮನೆಯ ಅನ್ನ ಉಣ್ಣಬಾರದು, ಅದು ಕೀವಿಗೆ ಸಮ ಎನ್ನುತ್ತದೆ ಮನುಸ್ಮೃತಿ. ಹುಣ್ಣು, ಕೀವು, ಹೆಣ ಮುಟ್ಟಿ ಕಲಿಯಬೇಕಾದ ವಿದ್ಯೆ ಜಾತಿ ನೋಡುತ್ತಾ ಕೂರಲು ಆಗುವುದಿಲ್ಲ, ಅದಕ್ಕೇ ಈ ಸಿಟ್ಟು. ದೇವಿಪ್ರಸಾದ ಚಟ್ಟೋಪಾಧ್ಯಾಯರು ಪ್ರಾಚೀನ ಭಾರತದ ವಿಜ್ಞಾನದ ಬಗ್ಗೆ 1977ರಲ್ಲಿ ತಂದ ಪುಸ್ತಕದಲ್ಲಿ ಇದನ್ನು ವಿಸ್ತಾರವಾಗಿ ಚರ್ಚಿಸಿದ್ದಾರೆ. ಮೇಷ್ಟ್ರುಗಳು ಹುಡುಕಿ ಓದಬೇಕು.

ಈಗ ಪೀಣ್ಯಕ್ಕೆ ಬರೋಣ. ಆ ಹೆಣ್ಣುಮಗಳ ಹೆಬ್ಬೆರಳುಗಳು ಅವ್ವನ ಬೆನ್ನುಮೂಳೆಯ ಒಂದೊಂದೇ ಗಂಟನ್ನು ವಿಚಾರಿಸಿಕೊಳ್ಳುತ್ತಾ ಇಳಿದವು. ಕೀಲನ್ನು ಕೈಯಿಂದ ಆಡಿಸುವುದಕ್ಕೆ ನಾಲ್ಕು ದರ್ಜೆಗಳಿವೆಯಂತೆ. ಆಸ್ಟ್ರೇಲಿಯಾದ ಮೈಟ್ಲೆಂಡ್ ಎಂಬಾತ ರೂಪಿಸಿದ ಕ್ರಮ. ನೋವು ಹೆಚ್ಚಿದ್ದರೆ ಒಂದು, ಎರಡು. ಬಿಗಿ ಹೆಚ್ಚಿದ್ದರೆ ಮೂರು, ನಾಲ್ಕು. ಒತ್ತುವ ಕೈ ಒತ್ತಿಸಿಕೊಳ್ಳುವ ಮೈಯ ಮಾತು ಕೇಳದೆ ಮುಂದಕ್ಕೆ ಹೋಗುವ ಹಾಗಿಲ್ಲ. "ಸಾಕಾ, ಇನ್ನೂ ಒತ್ಲಾ?" ಎಂದು ಅವಳು ಕೇಳುತ್ತಲೇ ಇದ್ದಳು. ಈ ಕೇಳುವಿಕೆ ಅವ್ವನಿಗೆ ಹೊಸದು. ಲೈನಿನಲ್ಲಿ ಸೂಪರ್‌ವೈಸರು ಭುಜ ತಟ್ಟುವಾಗ ಯಾರೂ ಕೇಳಿದ್ದಿಲ್ಲ.

ನಾವು ಒಪ್ಪಿಕೊಳ್ಳಬೇಕಾದ ನಾಚಿಕೆಗೇಡು ಒಂದಿದೆ. ಅವ್ವ ಮಲಗಿದ್ದಾಗ ನಮ್ಮ ಕಣ್ಣು ಏನು ಮಾಡುತ್ತಿತ್ತು? ಬೋರ್ಡಿನಲ್ಲಿ ಅವಳ ಹೆಸರಿನ ಮುಂದೆ ಏನಾದರೂ ಬಾಲ ಇದೆಯಾ, ಬಾಗಿಲ ಮೇಲೆ ಯಾವ ದೇವರ ಫೋಟೋ ಇದೆ ಎಂದು ಹುಡುಕುತ್ತಿತ್ತು! ಜಾತಿ ವಿರುದ್ಧ ಪದ್ಯ ಬರೆಯುವ ನಾವು. ಏನೂ ಸಿಗಲಿಲ್ಲ. ಇವತ್ತಿಗೂ ಅವಳು ಯಾರೆಂದು ನಮಗೆ ಗೊತ್ತಿಲ್ಲ.

ದುಡ್ಡಿಗೆ ಜಾತಿಯಿಲ್ಲ, 300 ರೂಪಾಯಿ ಕೊಟ್ಟರೆ ಯಾರೂ ಯಾರನ್ನೂ ಮುಟ್ಟುತ್ತಾರೆ, ನಗರ ಎಲ್ಲವನ್ನೂ ತೊಳೆಯುತ್ತದೆ ಎನ್ನುವ ಗೆಳೆಯರಿದ್ದಾರೆ. ಅವರಿಗೆ ಆಕೆ ಹೇಳಿದ ಸಂಗತಿ ಹೇಳಬೇಕು. ಸ್ವಂತ ಕ್ಲಿನಿಕ್ಕು ಇಡುವ ಮೊದಲು ಅವಳು ವೈಟ್‌ಫೀಲ್ಡ್ ಕಡೆ ಮನೆಮನೆಗೆ ಹೋಗಿ ಚಿಕಿತ್ಸೆ ಕೊಡುತ್ತಿದ್ದಳು. 1882ರಲ್ಲಿ ಆಂಗ್ಲೋ-ಇಂಡಿಯನ್ನರಿಗೆಂದು ಕಟ್ಟಿದ ಆ ಊರಲ್ಲಿ ಈಗ ಇಪ್ಪತ್ತು ಅಂತಸ್ತಿನ ಮನೆಗಳು, ಕಂಪ್ಯೂಟರಿನ ಮುಂದೆ ಬಗ್ಗಿದ ಕತ್ತುಗಳು. ಒಂದು ಅಪಾರ್ಟ್‌ಮೆಂಟಿನಲ್ಲಿ ಸೆಕ್ಯೂರಿಟಿಯವನು ದಿನಾ ಅವಳನ್ನು ಸರ್ವೀಸ್ ಲಿಫ್ಟಿಗೆ ಕಳಿಸುತ್ತಿದ್ದನಂತೆ. ಕಸದ ಡಬ್ಬ, ಗ್ಯಾಸ್ ಸಿಲಿಂಡರು, ಮನೆಗೆಲಸದವರು ಹೋಗುವ ಲಿಫ್ಟು ಅದು. ನಾಲ್ಕೂವರೆ ವರ್ಷ ಓದಿ, ಹೆಣ ನೋಡಿ ನರನಾಡಿ ಕಲಿತು ಡಿಗ್ರಿ ತೆಗೆದುಕೊಂಡವಳು. ಮುಕ್ಕಾಲು ಗಂಟೆ ಸಾಹೇಬರ ಕತ್ತು ಹಿಡಿಯುವ ಕೈಗೆ ಸಾಹೇಬರ ಲಿಫ್ಟಿನ ಗುಂಡಿ ಒತ್ತುವ ಹಕ್ಕಿಲ್ಲ. ಗೋಣಿತಾಟಿನ ಹಿತ್ತಲಿಗೂ ಇದಕ್ಕೂ ಎಷ್ಟು ದೂರ? ಅವಳ ಜಾತಿ ಯಾವುದಾದರೂ ಆಗಿರಲಿ. ಮೈ ಮುಟ್ಟಿ ದುಡಿಯುವ ಕೈಯನ್ನು ಕೀಳೆಂದು ಕಾಣುವ ಕಣ್ಣನ್ನು ಜಾತಿಯೇ ಅಲ್ಲವೇ ತಯಾರು ಮಾಡಿದ್ದು?

ಆದರೂ ದುಡ್ಡು ಏನೂ ಮಾಡಿಲ್ಲ ಎನ್ನಲಾರೆವು. ಅವ್ವ ಅಲ್ಲಿ ರಾಗಿಗೆ ಟವಲೊಡ್ಡಿ ನಿಂತಿರಲಿಲ್ಲ. ತನ್ನ ಓಟಿ ದುಡ್ಡು ಎಣಿಸಿ ಕೊಟ್ಟು ಮಲಗಿದ್ದಳು.

ನಮ್ಮ ಸಂಘದ ಗೆಳೆಯನೊಬ್ಬ ಇದನ್ನು ಕೇಳಿ ರೇಗಿದ. "ಭಾನುವಾರ ರಿಪೇರಿ ಮಾಡಿ ಸೋಮವಾರ ಮಾಲೀಕನಿಗೆ ವಾಪಸ್ ಕೊಡೋದು. ಮಿಷನ್ನಿಗೆ ಎಣ್ಣೆ ಬಿಟ್ಟ ಹಾಗೆ. ಅದರಲ್ಲೇನು ನೀತಿ?" ಎಂದ. ಅವನ ಮಾತಿನಲ್ಲಿ ಹುರುಳಿದೆ. ಒರಗಲು ಬೆನ್ನಿಲ್ಲದ ಸ್ಟೂಲು, ಗಂಟೆಗಿಷ್ಟು ಪೀಸು ಎಂಬ ಟಾರ್ಗೆಟ್ಟು, ಇವೇ ಅವ್ವನ ಕಾಯಿಲೆ. 1948ರ ಕಾರ್ಖಾನೆ ಕಾಯಿದೆಯ ಮೂರನೇ ಶೆಡ್ಯೂಲಿನಲ್ಲಿ 29 ಕಾಯಿಲೆಗಳ ಪಟ್ಟಿ ಇತ್ತು. ಸೀಸದ ವಿಷ, ಸಿಲಿಕೋಸಿಸ್, ಗದ್ದಲದಿಂದ ಬರುವ ಕಿವುಡು. ಸೊಂಟದ ಹೆಸರು ಅದರಲ್ಲಿರಲಿಲ್ಲ. ದೇಶದ ಬಟ್ಟೆ ಹೊಲಿದ ಬೆನ್ನುಗಳನ್ನು ಕಾಯಿದೆಯೂ ಮುಟ್ಟಲಿಲ್ಲ. ಇಎಸ್‌ಐ ಕಾರ್ಡು ಇದೆ ನಿಜ. ಆದರೆ ಈ ಚಿಕಿತ್ಸೆ ಒಂದು ದಿನದ್ದಲ್ಲ. ವಾರಕ್ಕೆರಡು ಸಲ ಅರ್ಧ ದಿನದ ಕೂಲಿ ಬಿಡಬೇಕು. ಭಾನುವಾರ ಬಾಗಿಲು ತೆರೆಯುವ ಚಿಕ್ಕ ಕ್ಲಿನಿಕ್ಕೇ ಕೊನೆಗೆ ಗತಿ.

ಆದರೆ ಗೆಳೆಯನಿಗೆ ನಾವು ಕೇಳಿದ್ದು ಇಷ್ಟು: ಕ್ರಾಂತಿ ಬರುವ ತನಕ ಅವ್ವ ಬಗ್ಗಿಕೊಂಡೇ ಇರಬೇಕಾ? 2016ರ ಏಪ್ರಿಲಿನಲ್ಲಿ ಪಿಎಫ್ ದುಡ್ಡು ತೆಗೆಯಲು ತಡೆಹಾಕಿದಾಗ ಬೆಂಗಳೂರಿನ ರಸ್ತೆಗಿಳಿದು ಸರ್ಕಾರದ ಆ ಆದೇಶವನ್ನೇ ವಾಪಸ್ ತೆಗೆಸಿದವರು ಇದೇ ಗಾರ್ಮೆಂಟ್ಸ್ ಹೆಣ್ಣುಮಕ್ಕಳು. ರಸ್ತೆಗಿಳಿಯಲೂ ಸೊಂಟ ಬೇಕು. ಗೆಳೆಯ ಒಪ್ಪಲಿಲ್ಲ. ಚಹಾ ಕುಡಿದು ಎದ್ದುಹೋದ.

"ನನ್ನ ಕೈ ಮಾಡೋದು ಅರ್ಧ ಕೆಲ್ಸ, ಮಿಕ್ಕಿದ್ದು ನಿಮ್ಮ ವ್ಯಾಯಾಮ" ಎಂದು ಆ ಹೆಣ್ಣುಮಗಳು ದಿನಾ ಹತ್ತು ಸಲ ಅಂಗಾತ ಮಲಗಿ ಕಾಲೆತ್ತಲು ಹೇಳಿಕೊಟ್ಟಳು. ಹತ್ತಡಿ ಕೋಣೆಯಲ್ಲಿ ನಾಲ್ಕು ಜನ ಮಲಗಿದ ಮೇಲೆ ಕಾಲೆತ್ತಲು ಜಾಗವೆಲ್ಲಿ? ಅವ್ವ ನಾವೆಲ್ಲ ಏಳುವ ಮೊದಲು ಬಾಗಿಲ ಬಳಿ, ಅರ್ಧ ಮೈ ಹೊರಗಿಟ್ಟು ಮಾಡುತ್ತಾಳೆ.

ಆರನೇ ಭಾನುವಾರ ಅವಳು ತಾನಾಗಿಯೇ ಮಂಚ ಹತ್ತಿ ಬೋರಲು ಮಲಗಿದಳು. "ಅಲ್ಲಲ್ಲ ಕಣವ್ವ, ಇನ್ನೊಂದ್ ಚೂರು ಕೆಳಗೆ. ಹ್ಞಾ, ಅಲ್ಲೇ ಒತ್ತು" ಎಂದು ಹೇಳುತ್ತಿರುವುದು ಪರದೆಯಾಚೆಯಿಂದ ಕೇಳಿಸಿತು. ಆ ದನಿಯನ್ನು ನಾವು ಮೊದಲು ಕೇಳಿರಲಿಲ್ಲ.

ಹೊರಡುವಾಗ ಆ ಹೆಣ್ಣುಮಗಳು ತನ್ನ ಲೆಟರ್‌ಹೆಡ್ಡಿನಲ್ಲಿ ಒಂದು ಚೀಟಿ ಬರೆದುಕೊಟ್ಟಳು. ಇವರಿಗೆ ಒರಗುವ ಕುರ್ಚಿ ಬೇಕು, ಗಂಟೆಗೊಮ್ಮೆ ಐದು ನಿಮಿಷ ಎದ್ದು ನಿಲ್ಲಬೇಕು ಎಂದು. ಅವ್ವ ಅದನ್ನು ನಾಲ್ಕು ಮಡಿಕೆ ಮಾಡಿ ಟಿಫಿನ್ ಬ್ಯಾಗಿನಲ್ಲಿಟ್ಟುಕೊಂಡಳು. "ಸೂಪರ್‌ವೈಸರಿಗೆ ಕೊಟ್ಯಾ?" ಎಂದು ಸೋಮವಾರ ಕೇಳಿದೆವು. "ಶಿಪ್‌ಮೆಂಟ್ ಐತಂತೆ, ಮುಗೀಲಿ" ಅಂದಳು. ಅದಾಗಿ ಮೂರು ಶಿಪ್‌ಮೆಂಟು ಮುಗಿದಿವೆ. ಲೈನಿನಲ್ಲಿ ಇನ್ನೂ ಮೂರು ಜನ ಹೆಣ್ಣುಮಕ್ಕಳು ಅಂಥದೇ ಚೀಟಿ ಬರೆಸಿಕೊಂಡು ಬಂದಿದ್ದಾರಂತೆ. ನಾಲ್ಕೂ ಚೀಟಿ ಈಗ ಅವ್ವನ ಬ್ಯಾಗಿನಲ್ಲಿವೆ.